ನನ್ನ ರೆಸ್ಯೂಮೆಯಲ್ಲಿ ನನಗೇ ಪರಿಚಯವಿಲ್ಲದ 8 ಜನ

5ಕ್ಕೆ 2 ಸ್ಟಾರ್. ಕೊಟ್ಟ ಎರಡು ನ್ಯಾಯವಾಗಿ ಅವರಿಗೆ ಸಲ್ಲಬೇಕಾದ್ದೇ. ಕೊಡದೆ ಉಳಿಸಿಕೊಂಡ ಮೂರರ ಕಥೆ ಮಾತ್ರ ಉದ್ದ ಇದೆ, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ.

ದುಡ್ಡು ಕೊಟ್ಟು ರೆಸ್ಯೂಮೆ ಬರೆಸಿಕೊಂಡೆ. ಆನ್‌ಲೈನ್ ಸೇವೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಇದೇ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಸಾಚಾ ಅನ್ನಿಸಿಬಿಡುತ್ತದೆ.

ಮೊದಲು ನನ್ನ ಪರಿಸ್ಥಿತಿ ಹೇಳುತ್ತೇನೆ. 6 ವರ್ಷ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಸರಕು ಕೊಡುವವರ ಬಿಲ್ ನೋಡುವುದು, ತಾಳೆ ಹಾಕುವುದು, ಪಾವತಿಗೆ ಕಳಿಸುವುದು. ಆಮೇಲೆ ಅಪ್ಪನಿಗೆ ಹುಷಾರಿಲ್ಲದೆ 14 ತಿಂಗಳು ಮನೆಯಲ್ಲಿದ್ದೆ. ಇನ್ನು ಪದವಿ. ಕೊನೆಯ ವರ್ಷದ ಎರಡು ವಿಷಯ ಇವತ್ತಿಗೂ ಬಾಕಿ. ಕೆಲಸ ಸಿಕ್ಕಿದ ಖುಷಿಯಲ್ಲಿ ಆಮೇಲೆ ಬರೆದರಾಯಿತು ಅಂತ ಬಿಟ್ಟವನು ಬಿಟ್ಟೇಬಿಟ್ಟೆ. ಒಟ್ಟಿನಲ್ಲಿ ನನ್ನ ರೆಸ್ಯೂಮೆಯಲ್ಲಿ ಎರಡು ಕಡೆ ತೂತು ಇತ್ತು. ಆ ತೂತು ಮುಚ್ಚುವ ಆಸೆಯಿಂದಲೇ ಇವರ ಹತ್ತಿರ ಹೋದೆ, ಸುಳ್ಳು ಯಾಕೆ ಹೇಳಲಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಅವರ ಸಲಹೆಗಾರ 40 ನಿಮಿಷ ಫೋನಿನಲ್ಲಿ ಮಾತಾಡಿದ. ದಿನಕ್ಕೆ ಎಷ್ಟು ಬಿಲ್, ತಪ್ಪು ಎಲ್ಲಿ ಜಾಸ್ತಿ ಆಗುತ್ತಿತ್ತು, ನೀನು ಬಂದ ಮೇಲೆ ಏನು ಬದಲಾಯಿತು ಅಂತ ಕೆದಕಿ ಕೆದಕಿ ಕೇಳಿದ. ತಿಂಗಳಿಗೆ ಸುಮಾರು 400 ಬಿಲ್ ನೋಡುತ್ತಿದ್ದೆ ಅನ್ನುವುದು ನನ್ನ ಹಳೆಯ ರೆಸ್ಯೂಮೆಯಲ್ಲಿ ಇರಲೇ ಇಲ್ಲ! ಒಂದೇ ಬಿಲ್‌ಗೆ ಎರಡು ಸಲ ದುಡ್ಡು ಹೋಗುತ್ತಿದ್ದದ್ದನ್ನು ಹಿಡಿಯಲು ನಾನೇ ಒಂದು ಶೀಟ್ ಮಾಡಿಕೊಂಡಿದ್ದೆ, ಅದನ್ನು ಆಮೇಲೆ ಇಡೀ ವಿಭಾಗ ಬಳಸಿತು. ಅದೂ ಇರಲಿಲ್ಲ. ಅದರ ಬದಲು 'ಕಠಿಣ ಪರಿಶ್ರಮಿ', 'ತಂಡದಲ್ಲಿ ಬೆರೆಯುವವನು' ಅಂತೆಲ್ಲ ಬರೆದುಕೊಂಡಿದ್ದೆ. ಆತ ಅದನ್ನೆಲ್ಲ ಕಿತ್ತು ಬಿಸಾಕಿದ. ಹವ್ಯಾಸಗಳನ್ನೂ ಕಿತ್ತ. 3 ಪುಟ ಇದ್ದದ್ದು ಒಂದೂವರೆ ಪುಟ ಆಯಿತು. ಎರಡು ಸ್ಟಾರ್ ಇದಕ್ಕೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಐದೂ ಕೊಡುತ್ತಿದ್ದೆ.

ಮೂರನೇ ದಿನ ಕರಡು ಬಂತು. ನೋಡಿದರೆ ಯಾರದೋ ಜಾತಕ ನನ್ನ ಹೆಸರಿಗೆ ಬಂದಂತೆ ಇತ್ತು.

ಪದವಿ ಮುಗಿದಿತ್ತು, ಪಾಸಾದ ವರ್ಷದ ಸಮೇತ. ನನ್ನ ಹುದ್ದೆ 'ಸಹಾಯಕ' ಹೋಗಿ 'ಟೀಮ್ ಲೀಡ್' ಆಗಿತ್ತು, ಕೈಕೆಳಗೆ 8 ಜನ. ಅಪ್ಪನ ಪಕ್ಕ ಕೂತಿದ್ದ 14 ತಿಂಗಳು 'ಸ್ವತಂತ್ರ ಹಣಕಾಸು ಸಲಹೆಗಾರ' ಆಗಿತ್ತು. ಅಕೌಂಟಿಂಗ್ ಸಾಫ್ಟ್‌ವೇರ್ ಒಂದರಲ್ಲಿ ನಾನು 'ತಜ್ಞ', ಅದನ್ನು ನಾನು ತೆರೆದು ನೋಡಿದ್ದು ಒಂದು ಮಧ್ಯಾಹ್ನ ಅಷ್ಟೇ, ಪಕ್ಕದವರು ರಜೆ ಹಾಕಿದ್ದರು ಅಂತ.

ಫೋನ್ ಮಾಡಿದೆ. ಇದೇನು ಅಂದೆ. ಆತ ನಕ್ಕ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ವಾ ಸಾರ್, ಇದು ನಾಲ್ಕೇ." ಇಲ್ಲಿಂದ ಶುರುವಾಯಿತು ಅವನ ವಕಾಲತ್ತು. ಈ ಸೇವೆಯ ನಿಜವಾದ ಸರಕು ಅದೇ, ಹಾಗಾಗಿ ಅದನ್ನೇ ಒಂದೊಂದಾಗಿ ವಿಮರ್ಶೆ ಮಾಡುತ್ತೇನೆ.

ಅವನ ಮೊದಲನೇ ಮಾತು: ಕಂಪನಿಗಳೂ ಸುಳ್ಳು ಹೇಳುತ್ತವೆ, ಜಾಹೀರಾತಿನಲ್ಲಿ ಕೇಳುವುದೆಲ್ಲ ನಿಜವಾಗಿ ಬೇಕಾಗುವುದಿಲ್ಲ. ಇದು ನಿಜ, ಒಪ್ಪುತ್ತೇನೆ. 2020ರಲ್ಲಿ ಸೆಬಾಸ್ಟಿಯನ್ ರಮೀರೆಜ್ ಅನ್ನುವ ಪ್ರೋಗ್ರಾಮರ್ ಒಂದು ಕೆಲಸದ ಜಾಹೀರಾತು ನೋಡಿದರು. ಅದರಲ್ಲಿ ಫಾಸ್ಟ್‌ಎಪಿಐ ಅನ್ನುವ ಸಾಫ್ಟ್‌ವೇರ್‌ನಲ್ಲಿ 4 ವರ್ಷಕ್ಕೂ ಜಾಸ್ತಿ ಅನುಭವ ಕೇಳಿದ್ದರು. ತಮಾಷೆ ಏನೆಂದರೆ ಫಾಸ್ಟ್‌ಎಪಿಐ ಮಾಡಿದವರೇ ಈ ರಮೀರೆಜ್, ಆಗ ಅದು ಹುಟ್ಟಿ ಒಂದೂವರೆ ವರ್ಷ ಆಗಿತ್ತು ಅಷ್ಟೇ. ಅಂದರೆ ಹೆತ್ತವನಿಗೇ ಆ ಕೆಲಸಕ್ಕೆ ಅರ್ಹತೆ ಇಲ್ಲ. ಇಂಥ ಜಾಹೀರಾತು ಬರೆಯುವವರ ಮುಂದೆ ಸತ್ಯಹರಿಶ್ಚಂದ್ರ ಆಗಬೇಕಾ ಅಂತ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಆದರೆ ಇದಕ್ಕೆ ಮದ್ದು ಸುಳ್ಳಲ್ಲ. ಕೇಳಿದ್ದೆಲ್ಲ ಇಲ್ಲದಿದ್ದರೂ ಅರ್ಜಿ ಹಾಕುವುದು. ಅದು ಆಸೆಪಟ್ಟಿ, ನಿಯಮ ಅಲ್ಲ. 10ರಲ್ಲಿ 6 ಇದ್ದರೆ ಆ 6 ಬರೆದು ಹಾಕಿ. ಇಷ್ಟು ಸರಳವಾದದ್ದನ್ನು ಆತ ಒಮ್ಮೆಯೂ ಹೇಳಲಿಲ್ಲ. ಇದನ್ನು ಹೇಳಲು ದುಡ್ಡು ಯಾರು ಕೊಡುತ್ತಾರೆ ಹೇಳಿ.

(ಡಾಕ್ಟರ್, ನರ್ಸ್, ಪೈಲಟ್, ಎಲೆಕ್ಟ್ರಿಷಿಯನ್ ಇಂಥವರ ಲೈಸೆನ್ಸ್ ಮಾತು ಬೇರೆ. ಅಲ್ಲಿ ಆಸೆಪಟ್ಟಿ ಗೀಸೆಪಟ್ಟಿ ಏನಿಲ್ಲ, ಸುಳ್ಳು ಹೇಳಿದರೆ ಪೆಟ್ಟು ಬೀಳುವುದು ಇನ್ನೊಬ್ಬರ ಮೈಗೆ.)

ಎರಡನೇ ಮಾತು: ದೊಡ್ಡ ದೊಡ್ಡವರೇ ಮಾಡುತ್ತಾರೆ. ಹೌದು, ಮಾಡಿದ್ದಾರೆ. ಸ್ಕಾಟ್ ಥಾಮ್ಸನ್ 2012ರ ಜನವರಿಯಲ್ಲಿ ಯಾಹೂ ಕಂಪನಿಯ ಮುಖ್ಯಸ್ಥರಾದರು. ಅವರ ಪರಿಚಯದಲ್ಲಿ ಅಕೌಂಟಿಂಗ್ ಜೊತೆ ಕಂಪ್ಯೂಟರ್ ಸೈನ್ಸ್ ಪದವಿಯೂ ಇದೆ ಅಂತ ಇತ್ತು. ನಿಜವಾಗಿ ಇದ್ದದ್ದು ಅಕೌಂಟಿಂಗ್ ಮಾತ್ರ. ಅವರು ಓದಿದ ಕಾಲೇಜು ಕಂಪ್ಯೂಟರ್ ಸೈನ್ಸ್ ಪದವಿ ಕೊಡಲು ಶುರು ಮಾಡಿದ್ದೇ ಅವರು ಪಾಸಾಗಿ ಹೊರಗೆ ಬಂದ ಕೆಲವು ವರ್ಷದ ಮೇಲೆ. ಕಂಪನಿಯಲ್ಲಿ ಪಾಲಿದ್ದ ಒಬ್ಬ ಹೂಡಿಕೆದಾರ ಇದನ್ನು ಕೆದಕಿ ತೆಗೆದ. ಮೇ ತಿಂಗಳಿಗೆ ಥಾಮ್ಸನ್ ಮನೆಗೆ. ಬೇಜಾರಿನ ವಿಷಯ ಏನೆಂದರೆ ಅವರಿಗೆ ಆ ಪದವಿ ಬೇಕಾಗಿಯೇ ಇರಲಿಲ್ಲ. ಅಷ್ಟು ಹೊತ್ತಿಗೆ ಆನ್‌ಲೈನ್ ಪಾವತಿಯ ಪೇಪಾಲ್ ಕಂಪನಿಯನ್ನು ನಡೆಸಿ ಬಂದವರು. ಯಾರೂ ಅವರ ಕಾಲೇಜು ಅಂಕಪಟ್ಟಿ ನೋಡಿ ಆ ಕುರ್ಚಿಗೆ ಕೂರಿಸಿರಲಾರರು. ಬೇಡದ ಒಂದು ಸಾಲು ಬೇಕಾದ ಎಲ್ಲವನ್ನೂ ತಿಂದು ಹಾಕಿತು.

ಮೂರನೇದು, ಇದನ್ನು ಆತ ಬಹಳ ಭರವಸೆಯಿಂದ ಹೇಳಿದ: "ಒಂದು ವರ್ಷ ದಾಟಿಸಿದರೆ ಮುಗೀತು, ಆಮೇಲೆ ಯಾರೂ ನೋಡಲ್ಲ." ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮ್ಯಾರಿಲೀ ಜೋನ್ಸ್ ಅಂತ ಪ್ರವೇಶ ವಿಭಾಗದ ಡೀನ್ ಇದ್ದರು. ಒಳಗೆ ಸೇರಿದ್ದು 1979ರಲ್ಲಿ, ಇಲ್ಲದ ಪದವಿಗಳನ್ನು ಹೇಳಿಕೊಂಡು. ಕೆಲಸ ಚೆನ್ನಾಗಿಯೇ ಮಾಡಿದರು. ಮಕ್ಕಳ ಮೇಲೆ ಓದಿನ ಒತ್ತಡ ಕಡಿಮೆ ಮಾಡಿ, ಅರ್ಜಿಯಲ್ಲಿ ದೊಡ್ಡಸ್ತಿಕೆ ತೋರಿಸಿಕೊಳ್ಳುವ ಹುಚ್ಚು ಬಿಡಿ ಅಂತ ದೇಶವೆಲ್ಲ ಸುತ್ತಿ ಹೇಳಿ ಹೆಸರು ಮಾಡಿದವರು. ಅವರು ರಾಜೀನಾಮೆ ಕೊಟ್ಟಿದ್ದು 2007ರ ಏಪ್ರಿಲ್‌ನಲ್ಲಿ. 28 ವರ್ಷ! ಒಂದು ವರ್ಷ ದಾಟಿಸಿದರೆ ಸಾಕಂತೆ. ನನಗೆ ಇದರಲ್ಲಿ ಸಿಕ್ಕಿಬಿದ್ದದ್ದಕ್ಕಿಂತ ಆ 28 ವರ್ಷದ ಬಗ್ಗೆಯೇ ಜಾಸ್ತಿ ಯೋಚನೆ ಬರುತ್ತದೆ. ಬಡ್ತಿ ಸಿಕ್ಕಾಗಲೆಲ್ಲ ಮತ್ತೊಮ್ಮೆ ಹಳೆಯ ಕಡತ ತೆಗೀತಾರಾ ಅಂತ ಎದೆ ಡವಡವ ಅನ್ನದೆ ಇದ್ದೀತಾ. ಹೆಸರು ಬೆಳೆದಷ್ಟೂ ನೋಡುವ ಕಣ್ಣು ಜಾಸ್ತಿ ಆಗುತ್ತದೆ, ಕಡಿಮೆ ಅಲ್ಲ.

ನಾಲ್ಕನೇದು: ಸಿಕ್ಕಿಬಿದ್ದರೆ ಕೆಲಸ ಹೋಗುತ್ತೆ ಅಷ್ಟೇ ತಾನೆ. ಅಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಜಾನ್ ಆಂಡ್ರ್ಯೂಸ್ ಅನ್ನುವವರು ಇಲ್ಲದ ಪದವಿ, ಇಲ್ಲದ ಅನುಭವ ಹೇಳಿಕೊಂಡು ಒಂದು ಆರೈಕೆ ಸಂಸ್ಥೆಯ ಮುಖ್ಯಸ್ಥರಾಗಿ ಸೇರಿ ವರ್ಷಗಟ್ಟಲೆ ಕೆಲಸ ಮಾಡಿದರು. 2017ರಲ್ಲಿ ಅವರಿಗೆ 2 ವರ್ಷ ಜೈಲಾಯಿತು. ಅಲ್ಲಿಗೂ ಮುಗಿಯಲಿಲ್ಲ. ತಗೊಂಡ ಸಂಬಳ ವಾಪಸ್ ಕೊಡಬೇಕಾ ಬೇಡವಾ ಅನ್ನುವ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ದುಡಿದಿದ್ದಾರಲ್ಲ, ಪೂರ್ತಿ ಸಂಬಳ ಕಿತ್ತುಕೊಳ್ಳುವುದು ಸರಿಯಲ್ಲ, ಆದರೆ ಸುಳ್ಳು ಹೇಳದೆ ಇದ್ದಿದ್ದರೆ ಎಷ್ಟು ಸಂಪಾದಿಸುತ್ತಿದ್ದರೋ ಅದನ್ನು ಕಳೆದು ಉಳಿದ ಜಾಸ್ತಿ ಹಣ ಕಕ್ಕಿಸಬಹುದು ಅಂತ 2022ರಲ್ಲಿ ತೀರ್ಪು ಬಂತು. ಲೆಕ್ಕಪತ್ರದವನಾಗಿ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಸುಳ್ಳಿನ ಬೆಲೆಯನ್ನು ಬೇರೆ ಕಾಲಂನಲ್ಲಿ ಬರೆದು ಕೂಡಿಸಿಬಿಟ್ಟರು ನೋಡಿ.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆವತ್ತು ಹೇಳಲಿಲ್ಲ. ಆವತ್ತು ನನಗೆ ಇದು ಯಾವುದೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಕೇಳುತ್ತಿರಲಿಲ್ಲವೇನೋ. 14 ತಿಂಗಳು ಸಂಬಳ ಇಲ್ಲದವನ ಕಿವಿಗೆ ಬುದ್ಧಿಮಾತು ಅಷ್ಟು ಬೇಗ ಇಳಿಯುವುದಿಲ್ಲ. "ನೋಡೋಣ" ಅಂದೆ. ಆ ರೆಸ್ಯೂಮೆಯನ್ನೇ ಎರಡು ಕಡೆ ಕಳಿಸಿದೆ. ಅವರು ಮೋಸ ಮಾಡಿದರು ಅಂತ ಪೂರ್ತಿ ಅವರ ತಲೆಗೆ ಕಟ್ಟುವುದು ಸರಿ ಅಲ್ಲ, ಕಳಿಸುವ ಗುಂಡಿ ಒತ್ತಿದ್ದು ನನ್ನ ಬೆರಳು.

ಎರಡೂ ಕಡೆಯಿಂದ ಕರೆ ಬಂತು. ಅದನ್ನೂ ಹೇಳಬೇಕಲ್ಲ. ಸುಳ್ಳು ಬಾಗಿಲು ತೆರೆಯುತ್ತದೆ, ತೆರೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲನೇ ಸಂದರ್ಶನ. ಮೂರು ಜನ ಕೂತಿದ್ದರು. ನಾನು ಹಿಂದಿನ ರಾತ್ರಿಯೆಲ್ಲ ಆ ಸಾಫ್ಟ್‌ವೇರ್ ಬಗ್ಗೆ ಓದಿಕೊಂಡು ಹೋಗಿದ್ದೆ, ಅದನ್ನು ಯಾರೂ ಕೇಳಲೇ ಇಲ್ಲ. ಮಧ್ಯದಲ್ಲಿ ಕೂತ ಮೇಡಂ ಬಹಳ ಆರಾಮಾಗಿ ಒಂದು ಪ್ರಶ್ನೆ ಹಾಕಿದರು. "ನಿಮ್ಮ 8 ಜನರಲ್ಲಿ ಇಬ್ಬರು ತಿಂಗಳ ಕೊನೆ ದಿನವೇ ರಜೆ ಕೇಳಿದರೆ ಏನು ಮಾಡ್ತಿದ್ರಿ?"

ಇದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಜನರನ್ನು ನಿಭಾಯಿಸಿದವರಿಗೆ ಇದು ಪ್ರಶ್ನೆಯೇ ಅಲ್ಲ, ಒಂದಲ್ಲ ಹತ್ತು ಕಥೆ ಹೇಳುತ್ತಾರೆ. ನನ್ನ 8 ಜನಕ್ಕೆ ಮುಖ ಇರಲಿಲ್ಲ, ಹೆಸರಿರಲಿಲ್ಲ, ಅವರ ಮನೆಯಲ್ಲಿ ಹಬ್ಬ ಜ್ವರ ಏನೂ ಇರಲಿಲ್ಲ. "ಹಾಗೆ ಯಾರೂ ಕೇಳುತ್ತಿರಲಿಲ್ಲ" ಅಂದುಬಿಟ್ಟೆ. ಮೇಡಂ ನಕ್ಕರು. "8 ಜನರಲ್ಲಿ ಒಬ್ಬರೂ ಇಲ್ಲವಾ? ಪುಣ್ಯವಂತರು ನೀವು."

ಅಷ್ಟೇ. ಅವರು ಸುಮ್ನೆ ತಮಾಷೆ ಮಾಡಿರಬಹುದು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಇದೆಯಲ್ಲ, ಆ ಹೆಗಲು ನನ್ನದಾಗಿತ್ತು. ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಯಲ್ಲೂ ಬಲೆ ಕಂಡಿತು. ಎಲ್ಲದಕ್ಕೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಹೊಟ್ಟೆ ಉರಿಯುವುದು ಯಾವುದಕ್ಕೆ ಅಂದರೆ, ಕೊನೆಗೆ ಅವರು ಆ ಎರಡು ಸಲ ಪಾವತಿ ಹಿಡಿಯುವ ಶೀಟ್ ಬಗ್ಗೆ ಕೇಳಿದರು, ಅದು ನೂರಕ್ಕೆ ನೂರು ನಿಜ, ನಾನೇ ರಾತ್ರಿ ಕೂತು ಮಾಡಿದ್ದು, ಅದರ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲೆ, ಆದರೆ ಅಷ್ಟು ಹೊತ್ತಿಗೆ ನನ್ನ ದನಿಯೇ ಹೋಗಿತ್ತು, ಅದನ್ನೂ ಕದ್ದ ಮಾಲಿನ ಹಾಗೆ ತೊದಲುತ್ತಾ ಹೇಳಿದೆ. ಅವರು ನಂಬಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಕೈಯಲ್ಲಿದ್ದ ಒಂದೇ ಒಂದು ಚಿನ್ನದ ನಾಣ್ಯ, ಖೋಟಾ ನಾಣ್ಯಗಳ ಜೊತೆ ಬೆರೆಸಿ ಕೊಟ್ಟೆ.

ಎರಡನೇ ಕಡೆ ಸಂದರ್ಶನ ಫೋನಿನಲ್ಲೇ ಮುಗಿದು, ಮುಂದಿನ ಸುತ್ತಿಗೆ ಮೊದಲು ಒಂದು ಫಾರಂ ಕಳಿಸಿದರು. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವ ಬೇರೆ ಏಜೆನ್ಸಿಯ ಫಾರಂ. ಪದವಿ ಮುಗಿದ ತಿಂಗಳು, ವರ್ಷ, ನೋಂದಣಿ ಸಂಖ್ಯೆ, ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿ. ಹಿಂದಿನ ಕಂಪನಿಯ ಎಚ್‌ಆರ್ ಸಂಪರ್ಕ. ಕೆಳಗೆ ಸಹಿ: ಮೇಲಿನದರಲ್ಲಿ ಯಾವುದಾದರೂ ಸುಳ್ಳು ಅಂತ ಯಾವಾಗ ಗೊತ್ತಾದರೂ ಕೆಲಸದಿಂದ ತೆಗೆಯಬಹುದು. ಯಾವಾಗ ಗೊತ್ತಾದರೂ. ಅವಧಿ ಮುಗಿಯುವ ಮಾತೇ ಇಲ್ಲ.

ಆ ಫಾರಂ ಮುಂದೆ ಕೂತಾಗ ಒಂದು ವಿಷಯ ಹೊಳೆಯಿತು, ಇದನ್ನು ಈ ತರಹದ ಸೇವೆ ತಗೊಳ್ಳುವವರು ತಿಳಿದಿರಲೇಬೇಕು. ಇಂಥ ಏಜೆನ್ಸಿಗಳು ವಿಶ್ವವಿದ್ಯಾಲಯಕ್ಕೆ ಬರೆದು ಪದವಿ ಇದೆಯೋ ಇಲ್ಲವೋ ಕೇಳುತ್ತವೆ. ಹಳೆಯ ಕಂಪನಿಗೆ ಕೇಳಿದರೆ ಎಚ್‌ಆರ್‌ನವರು ಸಾಮಾನ್ಯವಾಗಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಹೇಳುತ್ತಾರೆ, ಹೊಗಳಿಕೆ ತೆಗಳಿಕೆಗೆ ಹೋಗುವುದು ಕಡಿಮೆ. ಅಂದರೆ ಸುಲಭವಾಗಿ ತಾಳೆ ನೋಡಬಹುದಾದದ್ದು ಪದವಿ, ದಿನಾಂಕ, ಹುದ್ದೆ. ನಮ್ಮ ಸಲಹೆಗಾರ ಮಹಾಶಯ ತಿದ್ದಿದ್ದು ಯಾವುದನ್ನು? ಪದವಿ, ದಿನಾಂಕ, ಹುದ್ದೆ. ಬೀಗ ಇದ್ದ ಬಾಗಿಲುಗಳನ್ನೇ ಹುಡುಕಿ ಕನ್ನ ಹಾಕಿದ್ದ.

ಅವನಿಗೆ ಹೇಳಿದೆ. ಅದಕ್ಕೂ ಪ್ಯಾಕೇಜ್ ಇದೆ ಅಂದ. 14 ತಿಂಗಳಿಗೆ ಅನುಭವ ಪತ್ರ ಕೊಡಿಸುತ್ತಾರಂತೆ, ಲೆಟರ್‌ಹೆಡ್ ಇದೆಯಂತೆ, ಫೋನ್ ಮಾಡಿದರೆ ಎತ್ತಿ "ಹೌದು, ಇಲ್ಲೇ ಇದ್ದರು" ಅನ್ನಲು ಒಬ್ಬರು ಇದ್ದಾರಂತೆ. ಅಲ್ಲಿಯವರೆಗೆ ಬಣ್ಣ ಹಚ್ಚುವುದು, ಇದು ದಾಖಲೆ ಸೃಷ್ಟಿ. ನಾನು ಫೋನ್ ಇಟ್ಟೆ. ಆ ಕಂಪನಿಗೆ ಅರ್ಜಿ ವಾಪಸ್ ತಗೊಳ್ಳುತ್ತಿದ್ದೇನೆ ಅಂತ ಎರಡು ಸಾಲು ಬರೆದೆ. ಕಾರಣ ಬರೆಯುವ ಧೈರ್ಯ ಆಗಲಿಲ್ಲ.

ಇನ್ನೊಂದು ಕರಾಮತ್ತು ಹೇಳಬೇಕು. ಕೆಲವು ತಿಂಗಳಾದ ಮೇಲೆ ಆ ಕಡತವನ್ನು ಹಾಗೇ ಪೂರ್ತಿ ಸೆಲೆಕ್ಟ್ ಮಾಡಿ ನಕಲು ಮಾಡುವಾಗ ನೋಡುತ್ತೇನೆ, ಪುಟದ ಅಂಚಿನಲ್ಲಿ ಬಿಳಿ ಹಾಳೆ ಮೇಲೆ ಬಿಳಿ ಅಕ್ಷರದಲ್ಲಿ ಜಾಹೀರಾತುಗಳ ಪದಗಳನ್ನೆಲ್ಲ ತುಂಬಿಸಿಟ್ಟಿದ್ದಾರೆ. ರೆಸ್ಯೂಮೆ ಸೋಸುವ ಸಾಫ್ಟ್‌ವೇರ್ ಇದೆಯಲ್ಲ, ಎಟಿಎಸ್ ಅಂತಾರೆ, ಅದಕ್ಕೆ ಕಾಣಲಿ ಮನುಷ್ಯರಿಗೆ ಕಾಣದಿರಲಿ ಅಂತ. ಜಾಣತನ ಅಂದುಕೊಂಡಿದ್ದಾರೆ. ಆದರೆ ಆ ಸಾಫ್ಟ್‌ವೇರ್ ಓದುವುದು ಬರೀ ಅಕ್ಷರ, ಬಣ್ಣವನ್ನಲ್ಲ. ಆ ಅಕ್ಷರವನ್ನು ಆ ಕಡೆ ಕೂತವರು ಪರದೆ ಮೇಲೆ ತೆಗೆದು ನೋಡಿದರೆ ಬಿಳಿ ಮಾತೆಲ್ಲ ಕಪ್ಪಾಗಿಯೇ ಕಾಣುತ್ತದೆ. ನನಗೆ ಹೇಳದೆ ಮಾಡಿದ್ದು ಇದು. ಒಂದು ಸ್ಟಾರ್ ಇದೊಂದಕ್ಕೇ ಕಿತ್ತಿದ್ದೇನೆ.

ಆಮೇಲೆ ನಾನೇ ಕೂತು ಬರೆದೆ. ಅವರ ವಿನ್ಯಾಸ ಇಟ್ಟುಕೊಂಡೆ, ದುಡ್ಡು ಕೊಟ್ಟಿದ್ದೇನಲ್ಲ. 'ಸಹಾಯಕ' ಅಂತಲೇ ಹಾಕಿ, ಕೆಳಗೆ ನಿಜವಾಗಿ ಮಾಡಿದ್ದು: ತಿಂಗಳಿಗೆ 400 ಬಿಲ್, ಆ ಶೀಟ್, ಹೊಸದಾಗಿ ಸೇರಿದ ಇಬ್ಬರಿಗೆ ಕೆಲಸ ಕಲಿಸಿದ್ದು. ಹೌದು, ಇಬ್ಬರು. 8 ಅಲ್ಲ, ಆದರೆ ಈ ಇಬ್ಬರಿಗೆ ಮುಖ ಇದೆ, ಒಬ್ಬಾಕೆ ಮೊದಲ ವಾರ ದಿನಾ ಅಳುತ್ತಿದ್ದರು. ಪದವಿ ಎದುರು 'ಕೊನೆಯ ವರ್ಷದ 2 ವಿಷಯ ಬಾಕಿ' ಅಂತ ಬರೆದೆ. 14 ತಿಂಗಳ ಎದುರು 'ಕುಟುಂಬದ ಆರೈಕೆ'. ಎರಡೇ ಪದ. ಯಾವ ಕಾಯಿಲೆ, ಏನಾಯಿತು ಅಂತ ಬರೆಯಲಿಲ್ಲ, ಅದು ಅವರಿಗೆ ಬೇಕಿಲ್ಲ.

ಎಲ್ಲವನ್ನೂ ಹೇಳಬೇಕು ಅಂತೇನಿಲ್ಲ, ಇದನ್ನು ಎಷ್ಟೋ ಜನ ಗೊಂದಲ ಮಾಡಿಕೊಳ್ಳುತ್ತಾರೆ. ರೆಸ್ಯೂಮೆ ಅಂದರೆ ತಪ್ಪೊಪ್ಪಿಗೆ ಅಲ್ಲ. ಎರಡು ತಿಂಗಳು ಮಾಡಿ ಬಿಟ್ಟ ಕೆಲಸವನ್ನು ಬಿಡಬಹುದು, ಫಾರಂನಲ್ಲಿ ಎಲ್ಲ ಕೆಲಸ ಬರೆಯಿರಿ ಅಂತ ಕೇಳದಿದ್ದರೆ. ಯಾವ ಕೆಲಸಕ್ಕೆ ಏನು ಬೇಕೋ ಅದನ್ನು ಮೇಲೆ ತರಬಹುದು. ಲಿಯೊನಾರ್ಡೊ ಡ ವಿಂಚಿ ಸುಮಾರು 1482ರಲ್ಲಿ ಮಿಲಾನಿನ ಆಡಳಿತ ನಡೆಸುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಒಂದು ಪತ್ರ ಬರೆದ, ಅದರಲ್ಲಿ ಸೇತುವೆ ಕಟ್ಟುತ್ತೇನೆ, ಕೋಟೆ ಮುರಿಯುತ್ತೇನೆ, ಯುದ್ಧದ ಬಂಡಿ ಮಾಡುತ್ತೇನೆ ಅಂತ ಉದ್ದಕ್ಕೂ ಹೇಳಿ, ಚಿತ್ರ ಬರೆಯುವುದನ್ನು ಕೊನೆಯಲ್ಲಿ ಸೇರಿಸಿದ. ಎದುರಿಗಿದ್ದವನಿಗೆ ಬೇಕಾಗಿದ್ದದ್ದು ಯುದ್ಧದ ಸಾಮಾನು. (ಆ ಬಂಡಿಗಳನ್ನು ಆಗ ಲಿಯೊನಾರ್ಡೊ ಎಷ್ಟು ಮಾಡಿದ್ದ ಅಂತ ಕೇಳಿದರೆ ಅವನೂ ಸ್ವಲ್ಪ ಕೆಮ್ಮುತ್ತಿದ್ದನೇನೋ. ಆದರೆ ಅವನು ಬರೆದದ್ದು 'ಮಾಡಬಲ್ಲೆ' ಅಂತ, 8 ಜನರನ್ನಿಟ್ಟುಕೊಂಡು ಮಾಡಿಸಿದ್ದೆ ಅಂತ ಅಲ್ಲ.)

ಹೊಸ ರೆಸ್ಯೂಮೆಗೆ ಏನಾಯಿತು ಅಂತ ಕೇಳುತ್ತೀರಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರಲ್ಲ, ಒದ್ದರು. 11 ಕಡೆ ಹಾಕಿದೆ, 9 ಕಡೆ ಉತ್ತರವೇ ಇಲ್ಲ. ಒಂದು ಕಡೆ ಪದವಿ ಇಲ್ಲ ಅಂತ ನೇರವಾಗಿ ಬೇಡ ಅಂದರು. ಸುಳ್ಳಿನ ರೆಸ್ಯೂಮೆಗೆ ಎರಡಕ್ಕೆ ಎರಡು ಕರೆ ಬಂದಿತ್ತು, ನಿಜದ್ದಕ್ಕೆ 11ಕ್ಕೆ ಒಂದು. ಈ ಲೆಕ್ಕ ಮುಚ್ಚಿಟ್ಟು ಪ್ರವಚನ ಮಾಡಲು ನನಗೆ ಇಷ್ಟ ಇಲ್ಲ. ಉಳಿದ ಒಂದು ಕಡೆ ಆ ಶೀಟ್ ಬಗ್ಗೆ ಕೇಳಿದರು, ಈ ಸಲ ಅರ್ಧ ಗಂಟೆ ನಿಲ್ಲಿಸದೆ ಮಾತಾಡಿದೆ, ಅವರೇ ಕೈ ತೋರಿಸಿ ಸಾಕು ಅಂದರು. ಈಗ ಅಲ್ಲೇ ಇದ್ದೇನೆ. ಹುದ್ದೆ ಮತ್ತೆ ಸಹಾಯಕನೇ. ಬಾಕಿ ಇದ್ದ ಎರಡು ವಿಷಯಕ್ಕೆ ಅರ್ಜಿ ಹಾಕಿದ್ದೇನೆ, ಒಂದು ಪುಸ್ತಕ ತೆಗೆದಿದ್ದೇನೆ, ಇನ್ನೊಂದು ಇನ್ನೂ ಕಪಾಟಿನಲ್ಲಿದೆ.

ಸೇವೆಯ ಕಡೆ ಬಂದರೆ: ದುಡ್ಡು ವಾಪಸ್ ಕೇಳಿದೆ, ಕೆಲಸ ಮುಗಿಸಿಕೊಟ್ಟಿದ್ದೇವೆ ಅಂದರು. ನನ್ನ ಮಾಹಿತಿ ಅಳಿಸಿ ಅಂದೆ, ಆಗಲಿ ಅಂದರು. ಹೋದ ವಾರ ಈ ವಿಮರ್ಶೆ ಬರೆಯುವ ಮೊದಲು ಅವರ ಪುಟ ಒಮ್ಮೆ ತೆಗೆದು ನೋಡಿದೆ. 'ಯಶಸ್ವಿ ಮಾದರಿಗಳು' ಅಂತ ಒಂದು ಸಾಲು ಇದೆ, ಅದರಲ್ಲಿ ಮೂರನೆಯದು ನನ್ನದು. ಹೆಸರು ತೆಗೆದಿದ್ದಾರೆ, ಅಷ್ಟರ ಮಟ್ಟಿಗೆ ಮಾತು ಉಳಿಸಿಕೊಂಡಿದ್ದಾರೆ. ತಿಂಗಳಿಗೆ 400 ಬಿಲ್ ಹಾಗೇ ಇದೆ. ಕೈಕೆಳಗಿನ ಜನ ಮಾತ್ರ ಈಗ 12 ಆಗಿದ್ದಾರೆ.